ಬಿರುದು ಎಷ್ಟು ಉದ್ದ, ರಾಜ್ಯ ಎಷ್ಟು ದೊಡ್ಡದು?

ಓದುಗರ ಪ್ರಶ್ನೆ – ಬಲ್ಲವರ ಉತ್ತರ. ಈ ಸಲ ಆರಿಸಿಕೊಂಡಿರುವುದು ಶಾಸನಗಳ ಬಿರುದಾವಳಿಯ ಬಗ್ಗೆ ಬಂದ ಪ್ರಶ್ನೆಗಳನ್ನು ಮಾತ್ರ.

ಪ್ರಶ್ನೆ: ನಮ್ಮೂರ ಈಶ್ವರ ಗುಡಿಯ ಮುಂದಿರುವ ಶಾಸನದಲ್ಲಿ ಮೊದಲ ಎಂಟು ಸಾಲು ಬರೀ ಬಿರುದುಗಳೇ. ‘ಸಮಸ್ತಭುವನಾಶ್ರಯ’ ಎಂದು ಒಬ್ಬ ಅರಸ ಬರುತ್ತಾನೆ, ಆಮೇಲೆ ‘ಸಮಧಿಗತ ಪಂಚಮಹಾಶಬ್ದ’ ಎಂದು ಇನ್ನೊಬ್ಬ, ಕೆಳಗೆ ಒಬ್ಬ ದಂಡನಾಯಕ. ಮೂವರಲ್ಲಿ ನಮ್ಮ ಸೀಮೆಯನ್ನು ಆಳಿದವರು ಯಾರು? (ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ಮೂವರೂ. ಮೊದಲಿನವನದು ಚಕ್ರಾಧಿಪತ್ಯ, ಎರಡನೆಯವನದು ನಾಡು, ಮೂರನೆಯವನದು ಆ ನಾಡಿನ ದಿನದಿನದ ಆಡಳಿತ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಕವಿಗಳು ಈ ಮೂರನ್ನು ಬೆರೆಸುವುದಿಲ್ಲ, ಬೆರೆಸಿಕೊಳ್ಳುವುದು ಓದುವ ನಾವು.

ಬಿರುದಿನಿಂದ ಓದಲು ಶುರುಮಾಡಬೇಡಿ. ಮೊದಲು ವಾಕ್ಯ ಎಲ್ಲಿ ಮುಗಿಯುತ್ತದೆ ನೋಡಿ. ‘ವಿಜಯರಾಜ್ಯಮುತ್ತರೋತ್ತರಾಭಿವೃದ್ಧಿ ಪ್ರವರ್ಧಮಾನಮಾಚಂದ್ರಾರ್ಕತಾರಂ ಸಲುತ್ತಮಿರೆ’ ಎಂಬ ಮಾತು ಸಿಗುವವರೆಗೆ ಬಂದದ್ದೆಲ್ಲ ಚಕ್ರವರ್ತಿಯದು. ಅದರ ಬೆನ್ನಿಗೇ ‘ತತ್ಪಾದಪದ್ಮೋಪಜೀವಿ’ (ಅವನ ಪಾದಕಮಲವನ್ನು ಆಶ್ರಯಿಸಿ ಬದುಕುವವನು) ಎಂದು ಬರುತ್ತದೆ. ಅಲ್ಲಿಂದ ಮುಂದಿನ ಬಿರುದುಗಳು ಅವನ ಮಾಂಡಲಿಕನವು, ಅಂದರೆ ಅವನ ಅಧೀನ ಅರಸನವು. ಮಾಂಡಲಿಕನ ಮಾತು ‘ದುಷ್ಟನಿಗ್ರಹ ಶಿಷ್ಟಪ್ರತಿಪಾಲನ’ದ ನಂತರ ‘ಸುಖಸಂಕಥಾವಿನೋದದಿಂ ರಾಜ್ಯಂಗೆಯ್ಯುತ್ತಮಿರೆ’ ಎಂದು ಮುಗಿಯುತ್ತದೆ. ಮತ್ತೆ ಒಂದು ‘ತತ್ಪಾದಪದ್ಮೋಪಜೀವಿ’ ಬಂದರೆ ಇನ್ನೊಂದು ಮೆಟ್ಟಿಲು ಕೆಳಗಿಳಿದಿರಿ ಎಂದರ್ಥ. ನಿಮ್ಮ ದಂಡನಾಯಕ ಇರುವುದು ಅಲ್ಲೇ. ಶಾಸನದ ಅಚ್ಚಾದ ಪಾಠದ ನಕಲು ಇಟ್ಟುಕೊಂಡು ಈ ಮಾತು ಬಂದಲ್ಲೆಲ್ಲ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆಯಿರಿ. ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಇನ್ನು ಗೆರೆಯ ಮೇಲಿನ ಭಾಗ. ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ, ಸತ್ಯಾಶ್ರಯಕುಳತಿಳಕ, ಚಾಳುಕ್ಯಾಭರಣ: ಇದು ಕಲ್ಯಾಣದ ಅರಸರ ಪೂರ್ತಿ ಸರಣಿ. ಕೊನೆಯ ಎರಡು ಮನೆತನದವು, ಉಳಿದವು ಅಂತಸ್ತಿನವು. ಅವುಗಳಲ್ಲೂ ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ ಈ ಮೂರು ಒಟ್ಟಿಗೆ ಬಂದರೆ ಆ ಅರಸ ತನ್ನ ಮೇಲೆ ಯಾರೂ ಇಲ್ಲವೆಂದು ಸಾರುತ್ತಿದ್ದಾನೆ. ‘ಮಹಾರಾಜಾಧಿರಾಜ’ವನ್ನು ಗುಪ್ತರು ಬಳಸಿದ್ದರು. ‘ಪರಮೇಶ್ವರ’ವನ್ನು ಇಮ್ಮಡಿ ಪುಲಕೇಶಿ ಗಳಿಸಿದ್ದು ಸಕಲೋತ್ತರಾಪಥೇಶ್ವರನಾದ ಹರ್ಷನನ್ನು ಸೋಲಿಸಿ ಎಂದು ಅವನ ನಂತರದ ಬಾದಾಮಿ ಚಾಲುಕ್ಯರ ತಾಮ್ರಪಟಗಳು ಹೇಳಿಕೊಳ್ಳುತ್ತವೆ. ಶತ್ರುವಿನ ಬಿರುದು ದೊಡ್ಡದಾದಷ್ಟೂ ಗೆದ್ದವನ ತೂಕ ಹೆಚ್ಚು. ಹರ್ಷನಿಗೆ ‘ಇಡೀ ಉತ್ತರಾಪಥದ ಒಡೆಯ’ ಎಂಬ ಹೊಗಳಿಕೆ ಧಾರಾಳವಾಗಿ ಸಿಕ್ಕಿದ್ದು ಅವನನ್ನು ಸೋಲಿಸಿದವರ ಮನೆಯಲ್ಲಿ ಎಂಬುದನ್ನು ಮರೆಯಬೇಡಿ.

‘ಸಮಧಿಗತ ಪಂಚಮಹಾಶಬ್ದ’ ಕಿವಿಗೆ ಭಾರಿಯಾಗಿ ಕೇಳುತ್ತದೆ. ಊರಿನ ಇತಿಹಾಸ ಬರೆಯುವವರು ಎಡವುವುದು ಇಲ್ಲೇ. ಪಂಚಮಹಾಶಬ್ದವೆಂದರೆ ಶೃಂಗ, ತಮ್ಮಟೆ, ಶಂಖ, ಭೇರಿ, ಜಯಘಂಟೆ ಎಂಬ ಐದು ವಾದ್ಯಗಳನ್ನು ನುಡಿಸಿಕೊಳ್ಳುವ ಗೌರವ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಅದನ್ನು ‘ಪಡೆದವನು’ ಎಂದ ಮೇಲೆ ಕೊಟ್ಟವನೊಬ್ಬ ಮೇಲಿರಲೇಬೇಕು. ಆದ್ದರಿಂದ ನಮ್ಮ ಶಾಸನಗಳಲ್ಲಿ ಈ ಬಿರುದು ಸ್ವಾತಂತ್ರ್ಯದ ಗುರುತಲ್ಲ, ಮಾಂಡಲಿಕತನದ ಗುರುತು. ಇದರ ಪಕ್ಕದಲ್ಲಿ ‘ಮಹಾಮಂಡಳೇಶ್ವರ’ ಅಥವಾ ‘ಮಹಾಸಾಮಂತ’ ಸಾಮಾನ್ಯವಾಗಿ ಇದ್ದೇ ಇರುತ್ತದೆ.

‘ತತ್ಪಾದಪದ್ಮೋಪಜೀವಿ’ಯೇ ಇಲ್ಲದೆ ಮಾಂಡಲಿಕನ ಬಿರುದು ನೇರವಾಗಿ ಶುರುವಾದರೆ? ಕಲ್ಲು ಮೇಲ್ಗಡೆ ಒಡೆದಿರಬಹುದು. ಸಣ್ಣ ದತ್ತಿಯಾದ್ದರಿಂದ ಚಕ್ರವರ್ತಿಯ ಭಾಗವನ್ನು ಬಿಟ್ಟಿರಬಹುದು. ಅಥವಾ ಮಾಂಡಲಿಕ ನಿಜಕ್ಕೂ ಕೈಮೀರಿರಬಹುದು. ಒಂದೇ ಕಲ್ಲು ನೋಡಿ ಮೂರನೆಯದನ್ನು ತೀರ್ಮಾನಿಸಬಾರದು. ಅದೇ ವ್ಯಕ್ತಿಯ ಹತ್ತು ವರ್ಷದೊಳಗಿನ ಬೇರೆ ಶಾಸನಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕಳಚುರಿ ಬಿಜ್ಜಳ ಮುಮ್ಮಡಿ ತೈಲಪನ ಮಹಾಮಂಡಳೇಶ್ವರನಾಗಿದ್ದವನು. 1150ರ ದಶಕದ ಕೊನೆಗೆ ‘ಭುಜಬಳಚಕ್ರವರ್ತಿ’ ಕಾಣಿಸಿಕೊಳ್ಳುತ್ತದೆ, 1162ರ ಹೊತ್ತಿಗೆ ಚಕ್ರವರ್ತಿಯ ಪೂರ್ತಿ ಸರಣಿಯೇ ಅವನ ಹೆಸರಿನ ಹಿಂದಿದೆ. ಬಿರುದು ಹೀಗೆ ಕಂತು ಕಂತಾಗಿ ಏರಿದ್ದು ಕಂಡರೆ ಅದನ್ನು ನಂಬಬಹುದು.

ಒಂದೇ ಕಾಲದಲ್ಲಿ ಇಬ್ಬರು ಅದೇ ಬಿರುದು ಹೊತ್ತಿರುವುದೂ ಉಂಟು. ರಾಷ್ಟ್ರಕೂಟ ದಂತಿದುರ್ಗ 753ರ ಸಾಮನಗಡ ತಾಮ್ರಪಟದಲ್ಲಿ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ. ಅವನಿಂದ ಸೋತ ಬಾದಾಮಿಯ ಇಮ್ಮಡಿ ಕೀರ್ತಿವರ್ಮ 757ರಲ್ಲಿ ಭೀಮಾ ತೀರದ ಪಾಳೆಯದಿಂದ ಹೊರಡಿಸಿದ ವಕ್ಕಲೇರಿ ತಾಮ್ರಪಟದಲ್ಲೂ ತನ್ನ ಮನೆತನದ ಹಳೆಯ ಸಾಮ್ರಾಟ ಬಿರುದುಗಳನ್ನು ಬಿಟ್ಟಿಲ್ಲ. ಬಿರುದು ಅಧಿಕಾರಕ್ಕಿಂತ ಕೆಲವು ವರ್ಷ ಹೆಚ್ಚು ಬಾಳುತ್ತದೆ.

ಪ್ರಶ್ನೆ: ಶಾಸನದಲ್ಲಿ ಅರಸನ ಹೆಸರಿಲ್ಲ, ‘ತ್ರಿಭುವನಮಲ್ಲದೇವ’ ಎಂದಷ್ಟೇ ಇದೆ. ಅದು ಆರನೆಯ ವಿಕ್ರಮಾದಿತ್ಯನೇ ಎಂದು ಬರೆದುಬಿಡಬಹುದೇ? (ಎಂ.ಎ. ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಬರೆದುಬಿಡಬಾರದು. ಕಲ್ಯಾಣದ ಚಾಲುಕ್ಯರಲ್ಲಿ ‘ಮಲ್ಲ’ ಎಂಬುದು ಗದ್ದುಗೆಯ ಹೆಸರು. ಇಮ್ಮಡಿ ತೈಲಪ ಆಹವಮಲ್ಲ, ಇಮ್ಮಡಿ ಜಯಸಿಂಹ ಜಗದೇಕಮಲ್ಲ, ಒಂದನೆಯ ಸೋಮೇಶ್ವರ ತ್ರೈಳೋಕ್ಯಮಲ್ಲ ಮತ್ತು ಆಹವಮಲ್ಲ, ಎರಡನೆಯ ಸೋಮೇಶ್ವರ ಭುವನೈಕಮಲ್ಲ, ಆರನೆಯ ವಿಕ್ರಮಾದಿತ್ಯ ತ್ರಿಭುವನಮಲ್ಲ, ಮೂರನೆಯ ಸೋಮೇಶ್ವರ ಭೂಲೋಕಮಲ್ಲ. ಆಮೇಲೆ ಹೆಸರುಗಳು ಮರುಕಳಿಸುತ್ತವೆ: ಮುಮ್ಮಡಿ ತೈಲಪ ಮತ್ತೆ ತ್ರೈಳೋಕ್ಯಮಲ್ಲ, ನಾಲ್ಕನೆಯ ಸೋಮೇಶ್ವರ ಮತ್ತೆ ತ್ರಿಭುವನಮಲ್ಲ.

ಕಷ್ಟ ಎಲ್ಲಿದೆ ಎಂದರೆ, ವಿಕ್ರಮಾದಿತ್ಯ ಆಳಿದ್ದು 1076ರಿಂದ 1126, ನಾಲ್ಕನೆಯ ಸೋಮೇಶ್ವರ ಕಳಚುರಿಗಳಿಂದ ರಾಜ್ಯ ಮರಳಿ ಪಡೆದದ್ದು 1184ರ ಸುಮಾರಿಗೆ. ಸಂವತ್ಸರ ಚಕ್ರ 60 ವರ್ಷದ್ದು. ಹಾಗಾಗಿ ‘ತ್ರಿಭುವನಮಲ್ಲ, ವಿಶ್ವಾವಸು ಸಂವತ್ಸರ’ ಎಂದಷ್ಟೇ ಉಳಿದ ಕಲ್ಲು 1125ರದೂ ಆಗಬಹುದು, 1185ರದೂ ಆಗಬಹುದು. ಕ್ರೋಧಿ ಸಂವತ್ಸರದ್ದೂ ಇದೇ ಪಾಡು. ‘ಚಾಳುಕ್ಯ ವಿಕ್ರಮ ಕಾಲದ’ ಎಂಬ ಮಾತು ಇದ್ದರೆ ನೀವು ಪಾರು. ಆ ವರ್ಷಕ್ಕೆ 1075 ಕೂಡಿಸಿದರೆ ಇಸವಿ ಬರುತ್ತದೆ. ಒಂದನೆಯ ವರ್ಷ 1076, ನಳ ಸಂವತ್ಸರ. ಲೆಕ್ಕ ಹಾಕಿದಾಗ ಸಂವತ್ಸರದ ಹೆಸರು ಕೂಡದಿದ್ದರೆ ವರ್ಷದ ಅಂಕೆಯನ್ನು ಮತ್ತೊಮ್ಮೆ ಓದಿ. ಸವೆದ ಕಲ್ಲಿನಲ್ಲಿ ಅಂಕೆಗಳು ಒಂದರಂತೆ ಒಂದು ಕಾಣುತ್ತವೆ. ಅಂಕೆ ಪೂರ್ತಿ ಹೋಗಿದ್ದರೆ ತಿಥಿ, ವಾರ, ಸಂಕ್ರಾಂತಿ ಅಥವಾ ಗ್ರಹಣ ಹೇಳಿದೆಯೇ ನೋಡಿ. ಪಂಚಾಂಗದ ಲೆಕ್ಕದಲ್ಲಿ ಎರಡು ಇಸವಿಗಳ ಪೈಕಿ ಸಾಮಾನ್ಯವಾಗಿ ಒಂದೇ ಹೊಂದುತ್ತದೆ. ಯಾವುದೂ ಇಲ್ಲದಿದ್ದರೆ ಅಕ್ಷರದ ರೂಪ ಮತ್ತು ಕೆಳಗಿನ ಮಾಂಡಲಿಕ ಯಾರು ಎಂಬುದನ್ನು ನೋಡಿ.

ಇನ್ನೊಂದು ಬಲೆ ಇದೆ. ಮಾಂಡಲಿಕರು ಒಡೆಯನ ‘ಮಲ್ಲ’ ಹೆಸರನ್ನು ತಮ್ಮ ಹೆಸರಿನ ಹಿಂದೆ ಹಾಕಿಕೊಳ್ಳುತ್ತಿದ್ದರು. ಉಚ್ಚಂಗಿಯ ಪಾಂಡ್ಯರಲ್ಲಿ ‘ತ್ರಿಭುವನಮಲ್ಲ ಪಾಂಡ್ಯದೇವ’ ಇದ್ದಾನೆ, ಹೊಯ್ಸಳ ವಿಷ್ಣುವರ್ಧನನೇ ‘ತ್ರಿಭುವನಮಲ್ಲ ತಳಕಾಡುಗೊಂಡ’ ಎಂದು ಬರೆಸಿದ್ದಾನೆ. ಅಲ್ಲಿ ತ್ರಿಭುವನಮಲ್ಲ ಅವನ ಹಿರಿಮೆಯಲ್ಲ, ನಿಷ್ಠೆಯ ಮುದ್ರೆ. ಕಲ್ಯಾಣದವರ ಜೊತೆ ಕತ್ತಿ ಮಸೆದ ಮೇಲೂ ಅವನು ಅದನ್ನು ಉಳಿಸಿಕೊಂಡ ಎನ್ನುವುದು ಬೇರೆ ಮಾತು.

ಪ್ರಶ್ನೆ: ಕೊಲ್ಲಾಪುರದಲ್ಲಿ ಆಳಿದ ಶಿಲಾಹಾರರು ‘ತಗರಪುರವರಾಧೀಶ್ವರ’ರಂತೆ, ಸವದತ್ತಿಯ ರಟ್ಟರು ‘ಲತ್ತಲೂರಪುರವರಾಧೀಶ್ವರ’ರಂತೆ. ಅಷ್ಟು ದೂರದ ಊರುಗಳು ಇವರ ಕೈಯಲ್ಲಿದ್ದವೇ? (ಓದುಗರು, ಬೆಳಗಾವಿ)

ಉತ್ತರ: ಇರಲಿಲ್ಲ. ‘ಪುರವರಾಧೀಶ್ವರ’ ಎಂದರೆ ಆ ಮನೆತನ ತನ್ನ ಮೂಲ ಎಂದು ಹೇಳಿಕೊಳ್ಳುವ ಊರು, ಆಳುತ್ತಿರುವ ಊರಲ್ಲ. ತಗರ ಇಂದಿನ ಮಹಾರಾಷ್ಟ್ರದ ತೇರ್, ಲತ್ತಲೂರು ಇಂದಿನ ಲಾತೂರು. ರಟ್ಟರು ತಮ್ಮನ್ನು ರಾಷ್ಟ್ರಕೂಟರಿಗೆ ಜೋಡಿಸಿಕೊಳ್ಳಲು ರಾಷ್ಟ್ರಕೂಟರದೇ ಊರನ್ನು ಹೇಳಿಕೊಂಡರು. ಹಾನಗಲ್ಲು ಮತ್ತು ಗೋವೆಯ ಕದಂಬರು ‘ಬನವಾಸಿಪುರವರಾಧೀಶ್ವರ’ರು, ಕೆಲವೊಮ್ಮೆ ಬನವಾಸಿ ನಾಡು ಬೇರೊಬ್ಬ ದಂಡನಾಯಕನ ಆಡಳಿತದಲ್ಲಿದ್ದಾಗಲೂ. ಕಳಚುರಿಗಳದು ಬುಂದೇಲಖಂಡದ ಕಾಲಂಜರ, ಗುತ್ತರದು ಉಜ್ಜಯಿನಿ, ಉಚ್ಚಂಗಿ ಪಾಂಡ್ಯರದು ಕಂಚಿ, ಸಾಂತರದು ಉತ್ತರ ಮಧುರೆ, ಸಿಂದರದು ನಾಗಲೋಕದ ಭೋಗವತಿ. ಭೋಗವತಿಯನ್ನು ಭೂಪಟದಲ್ಲಿ ಹುಡುಕುವ ಶ್ರಮ ಬೇಡ.

ಹೊಯ್ಸಳರೂ ದೇವಗಿರಿಯ ಸೇವುಣರೂ ಇಬ್ಬರೂ ‘ದ್ವಾರಾವತೀಪುರವರಾಧೀಶ್ವರ’ರು, ಇಬ್ಬರೂ ತಮ್ಮನ್ನು ಯದುವಂಶದವರೆಂದು ಕರೆದುಕೊಂಡವರು. 12ನೇ ಶತಮಾನದ ಕೊನೆಯಲ್ಲಿ ಚಾಲುಕ್ಯರ ರಾಜ್ಯ ಹಂಚಿಕೊಳ್ಳಲು ಗದಗ–ಲಕ್ಕುಂಡಿ ಸೀಮೆಯಲ್ಲಿ ಬಡಿದಾಡಿಕೊಂಡವರೂ ಇವರೇ. ಆದ್ದರಿಂದ ಬಿರುದಾವಳಿಯ ಈ ಭಾಗ, ಇದರ ಪಕ್ಕದಲ್ಲೇ ಬರುವ ಧ್ವಜ, ಲಾಂಛನ, ವಾದ್ಯ (ಕದಂಬರ ವಾನರಧ್ವಜ ಮತ್ತು ಪೆರ್ಮಟ್ಟಿ, ರಟ್ಟರ ಸುವರ್ಣಗರುಡಧ್ವಜ ಮತ್ತು ತ್ರಿವಳಿ) ಇವೆಲ್ಲ ಮನೆತನ ಗುರುತಿಸಲು ಬಹಳ ಉಪಯುಕ್ತ. ಅರಸನ ಹೆಸರು ಅಳಿಸಿಹೋದ ಕಲ್ಲಿನಲ್ಲಿ ವಾನರಧ್ವಜ ಒಂದು ಉಳಿದಿದ್ದರೂ ಅದು ಕದಂಬರದಿರಬಹುದು ಎಂಬ ಸುಳಿವು ಸಿಗುತ್ತದೆ. ರಾಜ್ಯದ ಗಡಿ ಎಳೆಯಲು ಮಾತ್ರ ಇವನ್ನು ಬಳಸಬೇಡಿ.

ಪ್ರಶ್ನೆ: ಗಂಗವಾಡಿ 96,000, ನೊಳಂಬವಾಡಿ 32,000, ಬನವಾಸಿ 12,000: ಈ ಸಂಖ್ಯೆಗಳು ಹಳ್ಳಿಗಳ ಲೆಕ್ಕವೇ? (ಪ್ರೌಢಶಾಲಾ ಶಿಕ್ಷಕರು, ತುಮಕೂರು)

ಉತ್ತರ: ದೊಡ್ಡ ಸಂಖ್ಯೆಗಳು ಹಳ್ಳಿಗಳ ಲೆಕ್ಕ ಆಗಲಾರವು. ಇಂದಿನ ಇಡೀ ಕರ್ನಾಟಕದಲ್ಲಿರುವ ಹಳ್ಳಿಗಳೇ ಸುಮಾರು 29,000. ದಕ್ಷಿಣದ ಕೆಲವು ಜಿಲ್ಲೆಗಳಷ್ಟಿದ್ದ ಗಂಗವಾಡಿಯಲ್ಲಿ 96,000 ಎಲ್ಲಿಂದ ಬರಬೇಕು? ಐಹೊಳೆಯ 634ರ ಶಾಸನ ಇಮ್ಮಡಿ ಪುಲಕೇಶಿಯನ್ನು 99,000 ಹಳ್ಳಿಗಳ ಮೂರು ಮಹಾರಾಷ್ಟ್ರಕಗಳ ಒಡೆಯ ಎನ್ನುತ್ತದೆ. ಅದೂ ಎಣಿಸಿ ಬರೆದದ್ದಲ್ಲ. ಕೆಲವರು ಇವನ್ನು ಕಂದಾಯದ ಹುಟ್ಟುವಳಿ ಎನ್ನುತ್ತಾರೆ, ಕೆಲವರು ನಾಡಿನ ಅಂತಸ್ತು ತೋರಿಸುವ ರೂಢಿಯ ಅಂಕೆ ಎನ್ನುತ್ತಾರೆ. ಸಣ್ಣ ಘಟಕಗಳ ಮಾತು ಬೇರೆ. ಕಿಸುಕಾಡು 70, ನಾಗರಖಂಡ 70ರಂಥ ಕಡೆ ಹಳ್ಳಿಗಳ ಸಂಖ್ಯೆ ಎಂದು ಓದಿದರೆ ತೊಂದರೆ ಆಗುವುದಿಲ್ಲ.

ಪಾಠದಲ್ಲಿ ಹೇಳುವಾಗ ಇಷ್ಟು ಹೇಳಿ: ಸಂಖ್ಯೆ ನಾಡಿನ ಹೆಸರಿನ ಭಾಗ, ಗಡಿ ಬದಲಾದರೂ ಅಂಕೆ ಬದಲಾಗುವುದಿಲ್ಲ. ಗಂಗರು ಹೋಗಿ ಹೊಯ್ಸಳರು ಬಂದ ಮೇಲೂ ಗಂಗವಾಡಿ 96,000ವೇ. ಆದರೆ ಅಧಿಕಾರಿಯ ಏರಿಳಿತ ಅಳೆಯಲು ಇದು ಒಳ್ಳೆಯ ಗುರುತು. ಒಬ್ಬನ ಹೆಸರಿನ ಮುಂದೆ ಮೊದಲು ಸಾಂತಳಿಗೆ 1,000 ಇದ್ದು ಮುಂದಿನ ಶಾಸನದಲ್ಲಿ ಬನವಾಸಿ 12,000ವೂ ಸೇರಿದರೆ ಅವನಿಗೆ ಬಡ್ತಿ ಸಿಕ್ಕಿದೆ. ಬೆಳ್ವೊಲ 300, ಪುಲಿಗೆರೆ 300 ಎರಡನ್ನೂ ಒಬ್ಬನೇ ನೋಡಿಕೊಂಡರೆ ‘ಎರಡರುನೂರು’ (ಎರಡು ಅರುನೂರು) ಎಂದು ಬರುತ್ತದೆ. ಅದನ್ನು 1,200 ಎಂದು ಲೆಕ್ಕ ಹಾಕಬೇಡಿ, ಕೂಡಿದರೆ 600 ಅಷ್ಟೆ.

ಚೋಳರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗೆದ್ದ ನಾಡಿಗೆ ತಮ್ಮ ಬಿರುದನ್ನೇ ಹೆಸರಾಗಿಟ್ಟರು. ಗಂಗವಾಡಿ ‘ಮುಡಿಕೊಂಡಚೋಳಮಂಡಲ’ವಾಯಿತು, ನೊಳಂಬವಾಡಿ ‘ನಿಗರಿಲಿಚೋಳಮಂಡಲ’, ತಲಕಾಡು ‘ರಾಜರಾಜಪುರ’, ಸಿಂಹಳ ‘ಮುಮ್ಮುಡಿಚೋಳಮಂಡಲ’. ಕೋಲಾರ, ಮೈಸೂರು ಕಡೆಯ ತಮಿಳು ಶಾಸನಗಳಲ್ಲಿ ಈ ಹೆಸರುಗಳು ಸಿಕ್ಕಾಗ ಅದು ಯಾವುದೋ ಹೊಸ ಸೀಮೆ ಎಂದುಕೊಳ್ಳಬೇಡಿ.

ಪ್ರಶ್ನೆ: ‘ತಳಕಾಡುಗೊಂಡ’, ‘ಕಂಚಿಗೊಂಡ’ ಎಂಬ ಬಿರುದುಗಳಲ್ಲಿ ಎಷ್ಟು ನಿಜ, ಎಷ್ಟು ಉತ್ಪ್ರೇಕ್ಷೆ? ಪರೀಕ್ಷಿಸುವ ದಾರಿ ಇದೆಯೇ? (ಹವ್ಯಾಸಿ ಇತಿಹಾಸಾಸಕ್ತರು, ಮೈಸೂರು)

ಉತ್ತರ: ಇದೆ, ಆದರೆ ಬಿರುದಿನೊಳಗೆ ಇಲ್ಲ. ‘ಕೊಂಡ’, ‘ಗೊಂಡ’ (ಗೆದ್ದುಕೊಂಡವನು) ಎಂಬ ಬಿರುದು ಹೇಳುವುದು ಒಂದು ದಿನದ ಗೆಲುವನ್ನು. ಆ ನೆಲ ಎಷ್ಟು ಕಾಲ ಕೈಯಲ್ಲಿತ್ತು ಎಂಬುದನ್ನು ಅದು ಹೇಳುವುದಿಲ್ಲ. ಗೆದ್ದೆನೆಂದ ಊರಿನ ಸುತ್ತ ಗೆದ್ದವನ ಹೆಸರಿನಲ್ಲಿ ದತ್ತಿ, ತೆರಿಗೆ ಬಿಡುಗಡೆ, ನ್ಯಾಯ ತೀರ್ಮಾನದಂಥ ಶಾಸನಗಳು ಇವೆಯೇ? ಸೋತವನ ಶಾಸನಗಳು ಅದೇ ಅವಧಿಯಲ್ಲಿ ಅಲ್ಲಿ ನಿಂತಿವೆಯೇ? ಈ ಎರಡಕ್ಕೂ ಉತ್ತರ ಸಿಕ್ಕಿದರೆ ಸಾಕು.

ವಿಷ್ಣುವರ್ಧನನ ತಲಕಾಡು ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಸುಮಾರು ನೂರು ವರ್ಷ ಚೋಳರ ಕೈಯಲ್ಲಿದ್ದ ಊರನ್ನು 1116ರ ಸುಮಾರಿಗೆ ಅವನ ದಂಡನಾಯಕ ಗಂಗರಾಜ ಚೋಳ ಸಾಮಂತ ಅದಿಯಮನನ್ನು ಸೋಲಿಸಿ ಹಿಡಿದ. ಅಲ್ಲಿಂದ ಮುಂದೆ ಆ ಭಾಗದ ಶಾಸನಗಳು ಹೊಯ್ಸಳರವು. ‘ಶ್ರೀ ತಳಕಾಡುಗೊಂಡ’, ‘ಶ್ರೀ ನೊಳಂಬವಾಡಿಗೊಂಡ’ ಎಂಬ ಕನ್ನಡ ಬರಹದ ಚಿನ್ನದ ನಾಣ್ಯಗಳೂ ಇವೆ. ಅವನ ಶಾಸನಗಳು ಹೇಳುವ ಎಲ್ಲೆಗಳು ಹೀಗಿವೆ: ಮೂಡಲು ನಂಗಲಿಯ ಘಟ್ಟ, ತೆಂಕಲು ಕೊಂಗು, ಚೇರ, ಆನೆಮಲೆ, ಪಡುವಲು ಬಾರಕನೂರ ಘಟ್ಟ, ಬಡಗಲು ಸಾವಿಮಲೆ. ಬಿರುದಿಗೆ ಹೋಲಿಸಿದರೆ ಈ ಎಲ್ಲೆಪಟ್ಟಿ ಎಷ್ಟು ಸಂಯಮದ್ದು ನೋಡಿ. ಕಂಚಿ ಅದರಲ್ಲಿ ಇಲ್ಲ. ಕಂಚಿಯ ಮೇಲೆ ದಾಳಿ ನಡೆದಿರಬಹುದು, ಆಳ್ವಿಕೆ ಮಾತ್ರ ಚೋಳರದೇ ಆಗಿ ಉಳಿಯಿತು. ಬಿರುದಿನಲ್ಲಿ ಬರುವ, ಎಲ್ಲೆಯಲ್ಲಿ ಬರದ ಊರು ಸಾಮಾನ್ಯವಾಗಿ ದಾಳಿಯ ಊರು. ಒಂದೇ ಅರಸನ ಎರಡೂ ಪಟ್ಟಿ ಸಿಕ್ಕರೆ ಅಕ್ಕಪಕ್ಕ ಬರೆದುಕೊಳ್ಳಿ.

ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ತಮಿಳು ಶಾಸನಗಳಲ್ಲಿ ‘ಕಚ್ಚಿಯುಂ ತಂಜೈಯುಂ ಕೊಂಡ ಕನ್ನರದೇವ’, ಅಂದರೆ ಕಂಚಿಯನ್ನೂ ತಂಜಾವೂರನ್ನೂ ಗೆದ್ದವನು. 949ರಲ್ಲಿ ತಕ್ಕೋಲದಲ್ಲಿ ಚೋಳರನ್ನು ಮುರಿದ ಮೇಲೆ ಕಂಚಿಯ ಸುತ್ತಿನ ತೊಂಡೈಮಂಡಲದಲ್ಲಿ ಅವನ ಆಳ್ವಿಕೆಯ ವರ್ಷ ಹಾಕಿದ ಶಾಸನಗಳು ಸಾಲುಸಾಲಾಗಿವೆ. ಚೋಳರ ಮೂಲ ನೆಲವಾದ ತಂಜಾವೂರಿನ ಕಡೆ ಅಂಥ ಸಾಲು ಇಲ್ಲ. ಒಂದೇ ಬಿರುದಿನ ಎರಡು ಊರುಗಳಿಗೆ ಎರಡು ತೂಕ.

ಕೆಲವೊಮ್ಮೆ ಗೆದ್ದವನು ಸೋತವನ ಊರಿನಲ್ಲೇ ಬರೆಸಿಟ್ಟು ಹೋಗುತ್ತಾನೆ. ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಪಲ್ಲವ ನರಸಿಂಹವರ್ಮನ ‘ವಾತಾಪಿಕೊಂಡ’ ಬಿರುದಿಗೆ ಬಾದಾಮಿಯ ಬಂಡೆಯ ಮೇಲಿನ ಅವನದೇ ಶಾಸನ ಸಾಕ್ಷಿ. ಸುಮಾರು ನೂರು ವರ್ಷದ ನಂತರ ಬಾದಾಮಿಯ ಇಮ್ಮಡಿ ವಿಕ್ರಮಾದಿತ್ಯ ಕಂಚಿಗೆ ಹೋಗಿ ಅಲ್ಲಿನ ಕೈಲಾಸನಾಥ ಗುಡಿಯಲ್ಲಿ ಕನ್ನಡದಲ್ಲಿ ಬರೆಸಿದ: ದೇವರ ಸಂಪತ್ತನ್ನು ಕಂಡು, ಒಯ್ಯದೆ, ದೇವರಿಗೇ ಬಿಟ್ಟುಕೊಟ್ಟೆ ಎಂದು. ಎರಡೂ ನಿಜವಾದ ಗೆಲುವುಗಳೇ. ಬಾದಾಮಿ ಮತ್ತೆ ಚಾಲುಕ್ಯರಿಗೆ, ಕಂಚಿ ಮತ್ತೆ ಪಲ್ಲವರಿಗೆ ಮರಳಿದ್ದೂ ಅಷ್ಟೇ ನಿಜ.

ಇದರ ಇನ್ನೊಂದು ತುದಿ ನೋಡಬೇಕಾದರೆ ಒಡಿಶಾಕ್ಕೆ ಹೋಗಬೇಕು. 1434–35ರಲ್ಲಿ ಪಟ್ಟಕ್ಕೆ ಬಂದ ಕಪಿಲೇಂದ್ರನ ಬಿರುದು ‘ಗಜಪತಿ ಗೌಡೇಶ್ವರ ನವಕೋಟಿ ಕರ್ಣಾಟ ಕಲಬರ್ಗೇಶ್ವರ’. ಗೌಡ ಎಂದರೆ ಬಂಗಾಳ, ಕರ್ಣಾಟ ಎಂದರೆ ವಿಜಯನಗರ, ಕಲಬರ್ಗ ನಮ್ಮ ಕಲಬುರಗಿ, ಅಂದರೆ ಬಹಮನಿ ರಾಜ್ಯ. ಮೂರು ದಿಕ್ಕಿನ ನೆರೆಯವರನ್ನು ಒಂದೇ ಉಸಿರಿನಲ್ಲಿ ನುಂಗಿದ್ದಾನೆ. ಕಲಬುರಗಿಯಲ್ಲಿ ಗಜಪತಿಗಳ ಆಡಳಿತ ಎಂದೂ ಇರಲಿಲ್ಲ. ಅವನು ಪಟ್ಟಕ್ಕೆ ಬರುವ ಹೊತ್ತಿಗೆ ಬಹಮನಿಗಳ ರಾಜಧಾನಿಯೇ ಬೀದರಿಗೆ ಹೋಗಿತ್ತು, ಬಿರುದಿನಲ್ಲಿ ಹಳೆಯ ವಿಳಾಸ ಉಳಿದಿತ್ತು! ಹಾಗೆಂದು ಇಡೀ ಬಿರುದು ಬೊಗಳೆಯಲ್ಲ. ವಿಜಯನಗರದ ಉದಯಗಿರಿ ಗಜಪತಿಗಳ ಕೈಸೇರಿದ್ದು, ಅದನ್ನು ಬಿಡಿಸಿಕೊಳ್ಳಲು ಕೃಷ್ಣದೇವರಾಯ 1514ರವರೆಗೆ ಮುತ್ತಿಗೆ ಹಾಕಬೇಕಾಗಿ ಬಂದದ್ದು ಇತಿಹಾಸವೇ. ಇಂಥ ಬಿರುದನ್ನು ರಾಜ್ಯದ ಭೂಪಟ ಎಂದು ಓದದೆ, ಯಾರನ್ನು ಎದುರಾಳಿ ಎಂದು ಎಣಿಸಿದ್ದ ಎಂಬ ಪಟ್ಟಿಯಾಗಿ ಓದಿದರೆ ತಪ್ಪಾಗುವುದಿಲ್ಲ.

ಪ್ರಶ್ನೆ: ಅರಬ್ ಪ್ರವಾಸಿಗರು ಹೇಳುವ ‘ಬಲ್ಹರಾ’ ಯಾವ ಅರಸ? (ಕನ್ನಡಿಗರು, ದುಬೈ)

ಉತ್ತರ: ಒಬ್ಬ ಅರಸನಲ್ಲ, ಮಳಖೇಡದ ರಾಷ್ಟ್ರಕೂಟ ದೊರೆಗಳೆಲ್ಲರೂ. ಬಾದಾಮಿಯವರ ‘ಶ್ರೀಪೃಥ್ವೀವಲ್ಲಭ’ವನ್ನು ರಾಷ್ಟ್ರಕೂಟರು ರಾಜ್ಯದ ಜೊತೆಗೇ ವಶಪಡಿಸಿಕೊಂಡರು. ವಲ್ಲಭರಾಜ ಎಂಬುದು ಆಡುಮಾತಿನಲ್ಲಿ ಸವೆದು ಅರಬ್ಬರ ಬರಹಕ್ಕೆ ಬಲ್ಹರಾ ಆಗಿ ಹೋಯಿತು. 9ನೇ ಶತಮಾನದ ಸುಲೈಮಾನ್ ಜಗತ್ತಿನ ನಾಲ್ವರು ದೊಡ್ಡ ದೊರೆಗಳಲ್ಲಿ ಬಲ್ಹರಾನನ್ನು ಸೇರಿಸುತ್ತಾನೆ. ಮಸೂದಿ ಹೇಳುವ ಮಾನ್ಕೀರ್ ಪಟ್ಟಣ ಮಾನ್ಯಖೇಟ, ಅಂದರೆ ಮಳಖೇಡ. ಅಮೋಘವರ್ಷ, ಧಾರಾವರ್ಷದಂಥ ‘ವರ್ಷ’ ಬಿರುದುಗಳು, ನೃಪತುಂಗ, ಜಗತ್ತುಂಗದಂಥ ‘ತುಂಗ’ ಬಿರುದುಗಳು ಆಯಾ ಅರಸನವು, ವಲ್ಲಭ ಗದ್ದುಗೆಯದು. ಹೊರಗಿನವರಿಗೆ ಕೇಳಿಸಿದ್ದು ಈ ವಲ್ಲಭವೇ.

ಪ್ರಶ್ನೆ: ವಿಜಯನಗರ ಸ್ಥಾಪಿಸಿದವರು ತಮ್ಮನ್ನು ಬರೀ ‘ಮಹಾಮಂಡಳೇಶ್ವರ’ ಎಂದುಕೊಂಡದ್ದೇಕೆ? ‘ಹಿಂದೂರಾಯ ಸುರತ್ರಾಣ’ ಎಂದರೇನು? (ಓದುಗರು, ಹೊಸಪೇಟೆ)

ಉತ್ತರ: 1346ರ ಶೃಂಗೇರಿ ಶಾಸನದ ಕಾಲಕ್ಕೆ ಒಂದನೆಯ ಹರಿಹರನ ಬಿರುದುಗಳು ಪೂರ್ವಪಶ್ಚಿಮ ಸಮುದ್ರಾಧೀಶ್ವರ, ಅರಿರಾಯವಿಭಾಡ, ಭಾಷೆಗೆ ತಪ್ಪುವ ರಾಯರ ಗಂಡ. ಎರಡು ಕಡಲಿನ ನಡುವಿನ ನೆಲ ತನ್ನದೆನ್ನುತ್ತಾನೆ, ಆದರೆ ಅಂತಸ್ತು ಮಹಾಮಂಡಳೇಶ್ವರನದು. ಶ್ರವಣಬೆಳಗೊಳದ 1368ರ ಶಾಸನದಲ್ಲಿ, ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿದ ಬುಕ್ಕರಾಯ ಕೂಡ ಮಹಾಮಂಡಳೇಶ್ವರನೇ. ಅವನ ಮೇಲೆ ಆಗ ಯಾವ ಚಕ್ರವರ್ತಿಯೂ ಇರಲಿಲ್ಲ. ನೆಲ ಕೈಗೆ ಬಂದ ವೇಗಕ್ಕೆ ಅಂತಸ್ತಿನ ಬಿರುದು ಬರಲಿಲ್ಲ. ಹೊಯ್ಸಳರ ಗದ್ದುಗೆ ಮುಗಿದದ್ದು 1340ರ ದಶಕದಲ್ಲಷ್ಟೇ, ಜನರ ಕಣ್ಣಿಗೆ ಹೊಸ ಮನೆತನ ಇನ್ನೂ ಹೊಸದು. 1377ರಲ್ಲಿ ಪಟ್ಟಕ್ಕೆ ಬಂದ ಇಮ್ಮಡಿ ಹರಿಹರನಿಂದ ‘ಮಹಾರಾಜಾಧಿರಾಜ ರಾಜಪರಮೇಶ್ವರ’ ಖಾಯಂ ಆಗುತ್ತದೆ. ಮೇಲೆ ಹೇಳಿದ ‘ಮಹಾಮಂಡಳೇಶ್ವರ ಎಂದರೆ ಮಾಂಡಲಿಕ’ ಎಂಬ ನಿಯಮಕ್ಕೆ ಇದು ದೊಡ್ಡ ಅಪವಾದ. 14ನೇ ಶತಮಾನಕ್ಕೆ ಬಂದಾಗ ಆ ನಿಯಮವನ್ನು ಕುರುಡಾಗಿ ಹಿಡಿಯಬೇಡಿ.

‘ಸುರತ್ರಾಣ’ ಎಂಬುದು ಸುಲ್ತಾನನ ಸಂಸ್ಕೃತ ರೂಪ. ದಿಲ್ಲಿಯ, ಆಮೇಲೆ ಬಹಮನಿಗಳ ಎದುರು ನಿಂತಾಗ ಅಧಿಕಾರದ ಅಳತೆಗೋಲು ಸುಲ್ತಾನನಾಗಿದ್ದ, ಅದನ್ನು ಇವರೂ ತೊಟ್ಟರು. ಅದನ್ನು ಬರೀ ವೈರದ ಮಾತೆಂದು ಓದಿದರೆ ಕೃಷ್ಣದೇವರಾಯನ ‘ಯವನರಾಜ್ಯಸ್ಥಾಪನಾಚಾರ್ಯ’ ಅರ್ಥವಾಗುವುದೇ ಇಲ್ಲ. ಬಹಮನಿ ಮನೆತನದವನನ್ನು ಗದ್ದುಗೆಯಲ್ಲಿ ಕೂರಿಸಿದೆ ಎಂದು ಅವನು ಹೆಮ್ಮೆಪಡುವುದು ಅಲ್ಲಿ. ಬಿದ್ದ ಮನೆತನ ಎತ್ತಿ ನಿಲ್ಲಿಸುವುದು ಚಕ್ರವರ್ತಿಯ ಲಕ್ಷಣವೆಂಬ ನಂಬಿಕೆ ಹಳೆಯದು. ಹೊಯ್ಸಳ ಇಮ್ಮಡಿ ನರಸಿಂಹ 1231ರ ಸುಮಾರಿಗೆ ಸೆರೆಸಿಕ್ಕ ಚೋಳ ದೊರೆಯನ್ನು ಬಿಡಿಸಿ ‘ಚೋಳರಾಜ್ಯಪ್ರತಿಷ್ಠಾಚಾರ್ಯ’ನೆನಿಸಿದ್ದ.

‘ಮೂರುರಾಯರ ಗಂಡ’ದ ಮೂವರು ಯಾರು ಎಂದೂ ಕೇಳಿದ್ದೀರಿ. ಅಶ್ವಪತಿ, ಗಜಪತಿ, ನರಪತಿ (ಕುದುರೆ, ಆನೆ, ಕಾಲಾಳು ಪಡೆಗಳ ಒಡೆಯರು) ಎಂಬುದು ಒಂದು ವಿವರಣೆ, ಚೇರ–ಚೋಳ–ಪಾಂಡ್ಯರು ಎಂಬುದು ಇನ್ನೊಂದು. ಅಶ್ವಪತಿ–ಗಜಪತಿ–ನರಪತಿ ಜೋಡಣೆ ವಿಜಯನಗರದವರು ಹುಟ್ಟಿಸಿದ್ದಲ್ಲ. ತ್ರಿಪುರಿಯ ಕಳಚುರಿ ಕರ್ಣ, ಕಾಶಿ ಕಡೆಯ ಗಾಹಡವಾಲರು ಎರಡು–ಮೂರು ಶತಮಾನ ಮೊದಲೇ ಈ ಮೂವರ ಮೇಲಿನ ಒಡೆತನ ಹೇಳಿಕೊಂಡಿದ್ದರು.

ಪ್ರಶ್ನೆ: ರಾಣಿಯರಿಗೂ ನಾಡಿನ ಬಿರುದುಗಳು ಇದ್ದವೇ, ಅಥವಾ ‘ಪಟ್ಟಮಹಿಷಿ’ ಮಾತ್ರವೇ? (ಓದುಗರು, ಗದಗ)

ಉತ್ತರ: ಇದ್ದವು. ನಿಮ್ಮ ಜಿಲ್ಲೆಯ ಸೂಡಿಯ ಶಾಸನಗಳಲ್ಲೇ ಹುಡುಕಿ. ಇಮ್ಮಡಿ ಜಯಸಿಂಹನ ಅಕ್ಕ ಅಕ್ಕಾದೇವಿ ಕಿಸುಕಾಡು 70ನ್ನು ಆಳಿದವಳು, ‘ಗುಣದಬೆಡಂಗಿ’ ಎಂಬುದು ಅವಳ ಬಿರುದು, ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದವಳು. ಅವಳ ಹೆಸರಿನ ಜೊತೆ ಬರುವ ನಾಡಿನ ಅಂಕೆಯನ್ನು ಗಂಡಸರ ಹೆಸರಿನ ಜೊತೆ ಬಂದಾಗ ಓದುವಂತೆಯೇ ಓದಬೇಕು, ಅದು ಅಲಂಕಾರವಲ್ಲ. ಕಾಕತೀಯ ರುದ್ರಮದೇವಿ ‘ರುದ್ರದೇವ ಮಹಾರಾಜ’ ಎಂದು ಗಂಡು ಹೆಸರಿನಲ್ಲೇ ಶಾಸನ ಹಾಕಿಸಿದ್ದರಿಂದ ಅಂಥ ಕಡೆ ಎಚ್ಚರ ಬೇಕು. ವಿಷ್ಣುವರ್ಧನನ ರಾಣಿ ಶಾಂತಲೆಯ ‘ಉದ್ವೃತ್ತ ಸವತಿಗಂಧವಾರಣ’ (ಸೊಕ್ಕಿದ ಸವತಿಯರಿಗೆ ಮದ್ದಾನೆ) ದಂಥವು ಅರಮನೆಯೊಳಗಿನ ಅಧಿಕಾರದವು, ನಾಡಿನವಲ್ಲ.

ಪ್ರಶ್ನೆ: ನಮ್ಮೂರ ಸ್ವಾಗತ ಕಮಾನಿನ ಮೇಲೆ ‘ಹೊಯ್ಸಳ ಚಕ್ರವರ್ತಿ ವಿಷ್ಣುವರ್ಧನನ ಕಾಲದ ಊರು’ ಎಂದು ಬರೆಸಲು ಪಂಚಾಯಿತಿಯಲ್ಲಿ ತೀರ್ಮಾನವಾಗಿದೆ. ಸರಿಯೇ? (ಹಾಸನ ಜಿಲ್ಲೆ)

ಉತ್ತರ: ‘ಚಕ್ರವರ್ತಿ’ ತೆಗೆಯಿರಿ. ಅವನ ಶಾಸನಗಳು ಅವನನ್ನು ಮಹಾಮಂಡಳೇಶ್ವರ ಎನ್ನುತ್ತವೆ, ‘ಹೊಯ್ಸಳ ದೊರೆ’ ಎಂದರೆ ಯಾರೂ ತಕರಾರು ಮಾಡುವುದಿಲ್ಲ. ಅವನ ಮೊಮ್ಮಗ ಇಮ್ಮಡಿ ಬಲ್ಲಾಳನ 1192ರ ನಂತರದ ಶಾಸನ ನಿಮ್ಮೂರಲ್ಲಿದ್ದರೆ ಧಾರಾಳವಾಗಿ ಚಕ್ರವರ್ತಿ ಎನ್ನಿ. ಆ ವರ್ಷದ ಗದಗಿನ ಶಾಸನದ ಹೊತ್ತಿಗೆ ಅವನು ಚಾಲುಕ್ಯ ಸಾಮ್ರಾಟರ ಬಿರುದುಗಳನ್ನೇ ಧರಿಸಿದ್ದ. ಬರೆಸುವ ಮೊದಲು ಶಾಸನದ ಶಕವರ್ಷಕ್ಕೆ 78 ಕೂಡಿಸಿ ಇಸವಿ ನೋಡಿಕೊಳ್ಳಿ. ಪುಷ್ಯ, ಮಾಘ, ಫಾಲ್ಗುಣದ ತಿಥಿಯಾದರೆ 79 ಆಗುವ ಸಂಭವವಿದೆ. ಶಾಸನಗಳಲ್ಲಿ ಕಳೆದ ವರ್ಷ, ನಡೆಯುವ ವರ್ಷ ಎಂಬ ಭೇದದಿಂದಲೂ ಒಂದು ವರ್ಷ ಆಚೀಚೆ ಆಗುತ್ತದೆ, ಸಂವತ್ಸರದ ಹೆಸರು ಹೊಂದುತ್ತದೆಯೇ ಎಂದು ತಾಳೆ ಹಾಕಿ. ಕಮಾನಿನಲ್ಲಿ ಜಾಗ ಸಾಲದಿದ್ದರೆ ಬಿರುದು ಬಿಟ್ಟು ಇಸವಿ ಹಾಕಿಸಿ.